ಕಲನಗಣಿತದ ಎರಡನೆಯ ಮೆಟ್ಟಿಲು

ವಿದ್ಯೆಯೆಂಬ ಬೆಟ್ಟಕ್ಕೆ ಇರುವ ಮೆಟ್ಟಿಲುಗಳೆಲ್ಲವೂ ಒಂದೇ ಎತ್ತರದವಲ್ಲ. ಕೆಲವನ್ನು ಏರಿದುದೇ ಅರಿವಿಗೆ ಬಾರದಂತೆ ಏರಿಬಿಡಬಹುದು. ಮತ್ತೆ ಕೆಲವು ಏರುವವನ ಕಾಲಿನ ಬಲವನ್ನು ಪರೀಕ್ಷಿಸಿಯೇ ಮುಂದಕ್ಕೆ ಬಿಡುತ್ತವೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಮಠದ ಪ್ರಸಾದನಿಲಯದಲ್ಲಿ ಬೆಳೆದು, ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳೊಡನೆ ಮುಗಿಸಿ, ವಿಜ್ಞಾನವನ್ನು ಆಯ್ದುಕೊಂಡು ಪದವಿ ಕಾಲೇಜಿನ ಬಾಗಿಲನ್ನು ತಲುಪುವ ವಿದ್ಯಾರ್ಥಿಗೆ ಅಂತಹ ಮೆಟ್ಟಿಲೊಂದು ಎದುರಾಗುವುದು ಎರಡನೆಯ ಸೆಮಿಸ್ಟರಿನ ಕಲನಗಣಿತದಲ್ಲಿ. ಮೊದಲನೆಯ ಸೆಮಿಸ್ಟರಿನಲ್ಲಿ ಅವಕಲನದ ಲೆಕ್ಕಗಳನ್ನು ಲೀಲಾಜಾಲವಾಗಿ ಬಿಡಿಸಿದ ಹುಡುಗನೋ ಹುಡುಗಿಯೋ ಎರಡನೆಯದಕ್ಕೆ ಕಾಲಿಟ್ಟೊಡನೆ ತಬ್ಬಿಬ್ಬಾಗುವುದುಂಟು. ಪುಸ್ತಕ ಅದೇ, ಅಧ್ಯಾಪಕರು ಅವರೇ, ದುಡಿಮೆಯೂ ಹಿಂದಿನಷ್ಟೇ. ಆದರೆ ಫಲ ಮಾತ್ರ ಬೇರೆ. ಆಗ ಆ ವಿದ್ಯಾರ್ಥಿಯು ತನ್ನ ತಲೆಗೆ ಗಣಿತ ಹತ್ತುವುದಿಲ್ಲವೆಂದು ತೀರ್ಮಾನಿಸಿ, ಮುಂದಿನ ವರ್ಷಕ್ಕೆ ಆ ವಿಷಯವನ್ನೇ ಕೈಬಿಡುತ್ತಾನೆ.

ಈ ತೀರ್ಮಾನವು ಸರಿಯಲ್ಲ. ಎರಡನೆಯ ಮೆಟ್ಟಿಲಿನಲ್ಲಿ ಎಡವುವವರಲ್ಲಿ ಬಹುಮಂದಿಗೆ ಇರುವ ಕೊರತೆ ಬುದ್ಧಿಯದಲ್ಲ. ನಿಯಮವನ್ನು ಪಾಲಿಸುವ ಓದಿನಿಂದ ವಿವೇಚಿಸುವ ಓದಿಗೆ ಹೊರಳಬೇಕಾದ ಹೊತ್ತಿನಲ್ಲಿ, ವಿವೇಚನೆಗೆ ಬೇಕಾದ ಭಾಷೆಯೇ ಅವರ ಕೈತಪ್ಪಿ ಹೋಗಿರುತ್ತದೆ. ಈ ಮಾತನ್ನು ಸ್ವಲ್ಪ ವಿಸ್ತರಿಸಿ ನೋಡುವುದು ಉಚಿತ.

ಪಠ್ಯಕ್ರಮವು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಅಷ್ಟಿಷ್ಟು ಬೇರೆಯಾದರೂ ಕಲನಗಣಿತದ ಎರಡನೆಯ ಘಟ್ಟದ ತಿರುಳು ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ. ಅನುಕಲನದ ನಾನಾ ವಿಧಾನಗಳು, ವಕ್ರರೇಖೆಗಳಿಂದ ಸುತ್ತುವರಿದ ಕ್ಷೇತ್ರದ ಅಳತೆ, ತಿರುಗಿಸಿದ ಆಕೃತಿಗಳ ಘನಫಲ, ಕೊನೆಯಿಲ್ಲದ ಶ್ರೇಣಿಗಳ ಮೊತ್ತ — ಇವು ಅದರ ಮುಖ್ಯ ಅಂಗಗಳು. ಮೊದಲನೆಯ ಘಟ್ಟದ ಅವಕಲನವಾದರೋ ನಿಯಮಗಳ ರಾಜ್ಯ. ಗುಣಲಬ್ಧಕ್ಕೆ ಒಂದು ನಿಯಮ, ಭಾಗಲಬ್ಧಕ್ಕೆ ಒಂದು ನಿಯಮ, ಒಂದರೊಳಗೊಂದು ಅಡಗಿದ ಫಲನಗಳಿಗೆ ಸರಪಳಿ ನಿಯಮ. ಈ ಕೆಲವನ್ನು ಬಾಯಿಪಾಠ ಮಾಡಿ ಎಚ್ಚರದಿಂದ ಪ್ರಯೋಗಿಸಿದವನು ಎಂತಹ ತೊಡಕಿನ ಫಲನವನ್ನಾದರೂ ದಾಟಬಲ್ಲನು. ಅನುಕಲನದಲ್ಲಿ ಅಂತಹ ರಾಜಮಾರ್ಗವಿಲ್ಲ.

ಈ ಭೇದವನ್ನು ಕನ್ನಡ ಶಾಲೆಯ ವಿದ್ಯಾರ್ಥಿಗೆ ತಿಳಿಸಲು ದೂರ ಹೋಗಬೇಕಾಗಿಲ್ಲ. ಅವನು ಎಂಟನೆಯ ತರಗತಿಯಲ್ಲಿ ಓದಿದ ವ್ಯಾಕರಣವೇ ಸಾಕು. ಪದಗಳನ್ನು ಕೂಡಿಸಿ ಸಂಧಿ ಮಾಡುವುದು ಸುಲಭ. ಅಕಾರ ಆಕಾರಗಳ ಮುಂದೆ ಇಕಾರ ಈಕಾರಗಳು ಬಂದರೆ ಏಕಾರವಾಗುವುದು ಗುಣಸಂಧಿ. ನಿಯಮ ತಿಳಿದವನಿಗೆ ಅರ್ಥ ತಿಳಿಯದಿದ್ದರೂ ಸಂಧಿ ಕೂಡುತ್ತದೆ. ಆದರೆ ಬಿಡಿಸುವಾಗ ಏನಾಗುತ್ತದೆ? ಸುರೇಂದ್ರ, ಮಹೇಂದ್ರ, ಗಣೇಶ, ಮಹೇಶ — ಈ ನಾಲ್ಕರಲ್ಲಿಯೂ ಕಿವಿಗೆ ಕೇಳುವುದು ಒಂದೇ ಏಕಾರ. ಬಿಡಿಸಿದರೆ ಸುರ + ಇಂದ್ರ, ಮಹಾ + ಇಂದ್ರ, ಗಣ + ಈಶ, ಮಹಾ + ಈಶ ಎಂದು ನಾಲ್ಕು ಬಗೆ. ಯಾವುದು ಎಲ್ಲಿಯದೆಂದು ಹೇಳುವ ಅಧಿಕಾರ ಆ ಏಕಾರಕ್ಕಿಲ್ಲ. ಪದಗಳ ಪರಿಚಯವಿದ್ದವನು ಮಾತ್ರ ಅದನ್ನು ಹೇಳಬಲ್ಲನು. ಅವಕಲನವು ಸಂಧಿ ಕೂಡಿಸಿದಂತೆ, ಅನುಕಲನವು ಸಂಧಿ ಬಿಡಿಸಿದಂತೆ. ಮೊದಲನೆಯದಕ್ಕೆ ನಿಯಮ ಸಾಕು. ಎರಡನೆಯದಕ್ಕೆ ಪರಿಚಯ ಬೇಕು, ಊಹೆ ಬೇಕು, ಊಹೆ ತಪ್ಪಿದಾಗ ಮತ್ತೊಂದು ದಾರಿಯನ್ನು ಹಿಡಿಯುವ ತಾಳ್ಮೆ ಬೇಕು.

ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಊರು ಎಂಬುದಕ್ಕೆ ಅಲ್ಲಿ ಎಂಬುದು ಸೇರಿ ಊರಲ್ಲಿ ಎಂದಾಗುವಾಗ ನಡುವಿನ ಉಕಾರವು ಲೋಪವಾಗುತ್ತದೆ. ಬಿಡಿಸುವವನು ಕಳೆದುಹೋದ ಸ್ವರವನ್ನು ನೆನಪಿನಿಂದ ಮತ್ತೆ ತಂದು ಕೂರಿಸಬೇಕು. ಅವಕಲನ ಮಾಡುವಾಗಲೂ ಸ್ಥಿರಾಂಕವು ಹೀಗೆಯೇ ಲೋಪವಾಗುತ್ತದೆ. ಅನುಕಲನದ ಉತ್ತರದ ಕೊನೆಗೆ ಒಂದು ಅಜ್ಞಾತ ಸ್ಥಿರಾಂಕವನ್ನು ಸೇರಿಸಬೇಕೆಂದು ಅಧ್ಯಾಪಕರು ಪದೇ ಪದೇ ಎಚ್ಚರಿಸುವುದು ಈ ಕಾರಣದಿಂದ. ಕಾರಣವನ್ನರಿಯದ ವಿದ್ಯಾರ್ಥಿಯು ಅದನ್ನು ಪರೀಕ್ಷಕರಿಗೆ ಸಲ್ಲಿಸುವ ಕಪ್ಪವೆಂದು ಭಾವಿಸಿ, ಒಮ್ಮೆ ಬರೆದು ಒಮ್ಮೆ ಮರೆಯುತ್ತಾನೆ. ಅನುಕಲನದಲ್ಲಿ ಬಹಳವಾಗಿ ಬಳಕೆಯಾಗುವ ಒಂದು ಉಪಾಯಕ್ಕೆ ಕನ್ನಡದಲ್ಲಿ ಆದೇಶ ವಿಧಾನವೆಂದೇ ಹೆಸರು. ಮಳೆ + ಕಾಲ ಮಳೆಗಾಲವಾಗುವಾಗ ಕಕಾರದ ಸ್ಥಾನದಲ್ಲಿ ಗಕಾರವು ಬರುವಂತೆ, ಇಲ್ಲಿ ತೊಡಕಿನ ಒಂದು ಭಾಗದ ಸ್ಥಾನದಲ್ಲಿ ಸರಳವಾದ ಒಂದು ಅಕ್ಷರವು ಬಂದು ಕುಳಿತುಕೊಳ್ಳುತ್ತದೆ. ಯಾವ ಭಾಗಕ್ಕೆ ಆದೇಶ ಮಾಡಬೇಕೆಂಬುದೇ ಇಲ್ಲಿನ ಜಾಣ್ಮೆ. ಅದನ್ನು ಯಾವ ಸೂತ್ರವೂ ಮುಂದಾಗಿ ಹೇಳಿಕೊಡದು. ಐವತ್ತು ಲೆಕ್ಕಗಳನ್ನು ಕೈಯಾರ ಮಾಡಿದ ಮೇಲೆ ಕಣ್ಣೇ ಹೇಳುತ್ತದೆ.

ಧೈರ್ಯ ತಂದುಕೊಳ್ಳಬೇಕಾದ ಸಂಗತಿಯೊಂದು ಈ ಹೋಲಿಕೆಯಲ್ಲಿಯೇ ಇದೆ. ಬಿಡಿಸಿದ ಸಂಧಿಯು ಸರಿಯೇ ಎಂಬುದನ್ನು ಮತ್ತೆ ಕೂಡಿಸಿ ನೋಡಬಹುದು. ಹಾಗೆಯೇ ಕಂಡುಹಿಡಿದ ಅನುಕಲವು ಸರಿಯೇ ಎಂಬುದನ್ನು ಅದರ ಅವಕಲನ ಮಾಡಿ ತಾನೇ ಪರೀಕ್ಷಿಸಿಕೊಳ್ಳಬಹುದು. ಪುಸ್ತಕದ ಕೊನೆಯ ಉತ್ತರದ ಪಟ್ಟಿಯನ್ನಾಗಲಿ ಅಧ್ಯಾಪಕರ ಮುಖವನ್ನಾಗಲಿ ನೋಡಬೇಕಾಗಿಲ್ಲ. ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವ ಸ್ವಾತಂತ್ರ್ಯವನ್ನು ಇಷ್ಟು ಧಾರಾಳವಾಗಿ ಕೊಡುವ ವಿಷಯಗಳು ಹೆಚ್ಚಿಲ್ಲ. ಇನ್ನೊಂದು ಸಂಗತಿಯನ್ನೂ ವಿದ್ಯಾರ್ಥಿಗೆ ತಿಳಿಸುವುದು ಒಳಿತು. ನೋಡಲು ಸರಳವಾಗಿ ತೋರುವ ಎಷ್ಟೋ ಫಲನಗಳಿಗೆ ಪರಿಚಿತ ಫಲನಗಳ ರೂಪದಲ್ಲಿ ಅನುಕಲವೇ ಇಲ್ಲವೆಂಬುದನ್ನು ಫ್ರಾನ್ಸಿನ ಗಣಿತಜ್ಞ ಲಿಯೂವಿಲ್ 1830ರ ದಶಕದಲ್ಲಿಯೇ ತೋರಿಸಿದನು. ಬಿಡದ ಗಂಟುಗಳೂ ಇವೆಯೆಂದು ಅರಿತವನು ಒಂದು ಗಂಟು ಬಿಡದಿದ್ದ ಮಾತ್ರಕ್ಕೆ ತನ್ನನ್ನು ಹಳಿದುಕೊಳ್ಳಲಾರನು.

ಅನುಕಲನದ ಇನ್ನೊಂದು ಮುಖ ಕೂಡುವಿಕೆ. ಅದರ ಚಿಹ್ನೆಯನ್ನು 1675ರಲ್ಲಿ ಲೈಬ್ನಿಟ್ಸ್ ಮೊದಲು ಬರೆದಾಗ, ಮೊತ್ತವೆಂಬ ಅರ್ಥದ ಲ್ಯಾಟಿನ್ ಪದದ ಮೊದಲ ಅಕ್ಷರವನ್ನೇ ನೀಳವಾಗಿ ಎಳೆದನು. ವಿದ್ಯಾರ್ಥಿಯು ಕೊಕ್ಕೆಯೆಂದು ನೋಡುವ ಆ ಗೆರೆ ಅಣುವಣುವಾಗಿ ಕೂಡಿಸು ಎಂದು ಹೇಳುವ ಆಜ್ಞೆ. ಒಕ್ಕಲು ಮನೆತನದ ಹುಡುಗನಿಗೆ ಇದನ್ನು ತೋರಿಸಲು ಕಣದ ರಾಶಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಎರಡನೆಯ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಧಾನ್ಯರಾಶಿಯ ಲೆಕ್ಕಕ್ಕಾಗಿಯೇ ಒಂದು ಪ್ರಕರಣವನ್ನು ಇಟ್ಟಿದ್ದಾನೆ. ರಾಶಿಯ ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಿಸಿ ಎತ್ತರದಿಂದ ಗುಣಿಸಿದರೆ ಘನಫಲ ದೊರೆಯುತ್ತದೆ. ಮುಳ್ಳುಳ್ಳ ಧಾನ್ಯವಾದರೆ ಎತ್ತರವು ಸುತ್ತಳತೆಯ ಒಂಬತ್ತನೆಯ ಒಂದು ಭಾಗ. ಸುತ್ತಳತೆ 36 ಮೊಳವಿದ್ದರೆ ಎತ್ತರ 4 ಮೊಳ, ಘನಫಲ 144 ಘನಮೊಳ. ಪರಿಧಿಯು ವ್ಯಾಸದ ಮೂರರಷ್ಟೆಂದು ಸ್ಥೂಲವಾಗಿ ಹಿಡಿದ ಲೆಕ್ಕವಿದು. ಸೂಕ್ಷ್ಮವಾಗಿ ಹಿಡಿದರೆ ಸುಮಾರು 137 ಘನಮೊಳವಾಗುತ್ತದೆ. ಕಣದಲ್ಲಿ ನಿಂತವನಿಗೆ ಇಷ್ಟು ಸಾಕು. ಆದರೆ ಶಂಕುವಿನ ಘನಫಲ ಅದೇ ಪಾದ, ಅದೇ ಎತ್ತರದ ಸ್ತಂಭದ ಮೂರನೆಯ ಒಂದು ಭಾಗವೇ ಏಕಾಗಬೇಕು? ಅರ್ಧವೇಕಲ್ಲ? ಶಾಲೆಯಲ್ಲಿ ಸೂತ್ರವಾಗಿ ಬಾಯಿಪಾಠವಾದ ಈ ಮೂರನೆಯ ಒಂದು ಭಾಗಕ್ಕೆ ಕಾರಣ ದೊರೆಯುವುದು ಎರಡನೆಯ ಸೆಮಿಸ್ಟರಿನಲ್ಲಿ. ರಾಶಿಯನ್ನು ಬುಡದಿಂದ ತುದಿಯವರೆಗೆ ತೆಳುವಾದ ರೊಟ್ಟಿಗಳಂತೆ ಅಡ್ಡಲಾಗಿ ಕೊಯ್ದು, ಒಂದೊಂದು ರೊಟ್ಟಿಯ ಗಾತ್ರವನ್ನೂ ಕೂಡಿಸುತ್ತ ಹೋದರೆ ಆ ಮೂರು ತಾನಾಗಿಯೇ ಮೇಲೆದ್ದು ಬರುತ್ತದೆ. ಹಿಂದೆ ನಂಬಿದುದನ್ನು ಇಂದು ಕಂಡೆನೆಂಬ ಸಂತೋಷ ಅಂದು ವಿದ್ಯಾರ್ಥಿಗೆ ಉಂಟಾಗದಿದ್ದರೆ ಆ ಪಾಠವು ಪೂರ್ತಿಯಾಗಲಿಲ್ಲವೆಂದೇ ತಿಳಿಯಬೇಕು.

ಶ್ರೇಣಿಗಳ ಭಾಗವು ಇದಕ್ಕಿಂತಲೂ ಸೂಕ್ಷ್ಮವಾದುದು. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಕೇಳದವರಿಲ್ಲ. ಎರಡನೆಯ ಸೆಮಿಸ್ಟರಿನ ಗಣಿತವು ಆ ಗಾದೆಯನ್ನೇ ತಡೆದು ನಿಲ್ಲಿಸಿ, ಎಂತಹ ಹನಿಗಳು ಎಂದು ಕೇಳುತ್ತದೆ. 1/2 + 1/4 + 1/8 ಎಂದು ಅರ್ಧರ್ಧವಾಗುತ್ತ ಹೋಗುವ ಹನಿಗಳನ್ನು ಎಷ್ಟೇ ಕೂಡಿಸಿದರೂ ಮೊತ್ತ 1ನ್ನು ಮೀರದು; ಮೊದಲ ಪಾತ್ರೆಯೇ ತುಳುಕದು. ಆದರೆ 1 + 1/2 + 1/3 + 1/4 ಎಂದು ಸಾಗುವ ಶ್ರೇಣಿಯನ್ನು ತೆಗೆದುಕೊಳ್ಳಿ. ಇಲ್ಲಿಯೂ ಹನಿಗಳು ಕಿರಿದಾಗುತ್ತ ಹೋಗಿ ಸೊನ್ನೆಯನ್ನು ಸಮೀಪಿಸುತ್ತವೆ. ಮೊದಲ 100 ಪದಗಳ ಮೊತ್ತ 5ನ್ನು ಸ್ವಲ್ಪವೇ ಮೀರುತ್ತದೆ. 1000 ಪದಗಳಾದರೂ ಏಳೂವರೆಯನ್ನು ಮುಟ್ಟದು. 10ನ್ನು ದಾಟಲು 12,367 ಪದಗಳು ಬೇಕು. ನೋಡಿದವರು ಇದೂ ಎಲ್ಲಿಯೋ ನಿಂತೇ ನಿಲ್ಲುತ್ತದೆಂದು ಪಣ ಕಟ್ಟಿಯಾರು. ಆದರೆ ಅದು ಎಲ್ಲಿಯೂ ನಿಲ್ಲದು. ಮೂರನೆಯ ನಾಲ್ಕನೆಯ ಪದಗಳು ಕೂಡಿ ಅರ್ಧವನ್ನು ಮೀರುತ್ತವೆ. ಮುಂದಿನ ನಾಲ್ಕು ಪದಗಳು ಮತ್ತೊಂದು ಅರ್ಧವನ್ನು ಮೀರುತ್ತವೆ. ಅದರ ಮುಂದಿನ ಎಂಟು ಇನ್ನೊಂದು ಅರ್ಧವನ್ನು. ಹೀಗೆ ಅರ್ಧಗಳಿಗೆ ಕೊನೆಯಿಲ್ಲವಾದುದರಿಂದ ಮೊತ್ತಕ್ಕೂ ಮೇರೆಯಿಲ್ಲ. ಫ್ರಾನ್ಸಿನ ಓರೆಮ್ ಎಂಬ ವಿದ್ವಾಂಸನು 14ನೆಯ ಶತಮಾನದಲ್ಲಿ ಕೊಟ್ಟ ಈ ವಾದವನ್ನು ಅರಿಯಲು ಕೂಡುವ ಲೆಕ್ಕ ಬಂದರೆ ಸಾಕು. ಕಣ್ಣಿಗೆ ಕಂಡ ಮಾತ್ರಕ್ಕೆ ನಂಬಬಾರದು, ಕಾಣದ ಮಾತ್ರಕ್ಕೆ ಅಲ್ಲಗಳೆಯಲೂ ಬಾರದು, ಯುಕ್ತಿಯಿಂದ ಪರೀಕ್ಷಿಸಬೇಕು ಎಂಬ ಶಿಕ್ಷಣವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಕೊಡುವ ಪಾಠ ಅಪರೂಪ.

ಇಷ್ಟು ರಸವತ್ತಾದ ವಿಷಯವು ವಿದ್ಯಾರ್ಥಿಗೆ ನೀರಸವಾಗುವುದೇಕೆ? ಹತ್ತನೆಯ ತರಗತಿಯವರೆಗೆ ಸಮಾಂತರ ಶ್ರೇಢಿ ಎಂದು ಕನ್ನಡದಲ್ಲಿ ಓದಿದವನು ಪದವಿಪೂರ್ವ ತರಗತಿಗೆ ಬಂದೊಡನೆ ಬೋಧನೆಯೆಲ್ಲವೂ ಇಂಗ್ಲಿಷಿಗೆ ತಿರುಗುತ್ತದೆ. ಅವಕಲನದವರೆಗೆ ಇದು ಹೇಗೋ ಸಾಗುತ್ತದೆ, ಏಕೆಂದರೆ ನಿಯಮವನ್ನು ಪಾಲಿಸಲು ಭಾಷೆ ಅಷ್ಟಾಗಿ ಬೇಕಿಲ್ಲ. ಚಿಹ್ನೆಗಳೇ ದಾರಿ ತೋರಿಸುತ್ತವೆ. ಎರಡನೆಯ ಘಟ್ಟದಲ್ಲಿ ಹಾಗಲ್ಲ. ಯಾವ ವಿಧಾನ, ಏಕೆ ಆ ವಿಧಾನ, ಈ ಶ್ರೇಣಿ ನಿಲ್ಲುವುದೇ ನಿಲ್ಲದೇ, ನಿಂತರೆ ಏನು ಕಾರಣ — ಇವೆಲ್ಲ ವಾಕ್ಯಗಳಲ್ಲಿ ಯೋಚಿಸಬೇಕಾದ ಮಾತುಗಳು. ಯೋಚಿಸುವ ಭಾಷೆಯೊಂದು, ಕೇಳಿದ ಭಾಷೆ ಮತ್ತೊಂದು ಆದಾಗ ವಿದ್ಯಾರ್ಥಿಯು ಯೋಚನೆಯನ್ನೇ ಬಿಟ್ಟು ಬಾಯಿಪಾಠಕ್ಕೆ ಶರಣಾಗುತ್ತಾನೆ. ಬಾಯಿಪಾಠವು ಕೈಕೊಡುವುದು ಸರಿಯಾಗಿ ಈ ಘಟ್ಟದಲ್ಲಿಯೇ.

ಉನ್ನತ ಗಣಿತವನ್ನು ದೇಶಭಾಷೆಯಲ್ಲಿ ವಿವರಿಸಲಾಗದೆಂದು ಹೇಳುವವರು ಉಂಟು. ಅವರಿಗೆ ಉತ್ತರ ನೆರೆಯ ಕೇರಳದಲ್ಲಿದೆ. ಸಂಗಮಗ್ರಾಮದ ಮಾಧವನು 14ನೆಯ ಶತಮಾನದಲ್ಲಿ ನೆಲೆಗೊಳಿಸಿದ ಗಣಿತಪರಂಪರೆಯವರು ವೃತ್ತದ ಪರಿಧಿಯನ್ನು ಕೊನೆಯಿಲ್ಲದ ಶ್ರೇಣಿಯಿಂದ ಪಡೆದಿದ್ದರು. 1 ರಿಂದ 1/3ನ್ನು ಕಳೆದು, 1/5ನ್ನು ಕೂಡಿ, 1/7ನ್ನು ಕಳೆದು, ಹೀಗೆಯೇ ಸಾಗಿದರೆ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತದ ಕಾಲುಭಾಗ ದೊರೆಯುತ್ತದೆ. ಇದು ಇಂದಿಗೂ ಎರಡನೆಯ ಘಟ್ಟದ ಪಾಠ. ಆ ಪರಂಪರೆಯ ಜ್ಯೇಷ್ಠದೇವನು ಸುಮಾರು 1530ರಲ್ಲಿ ಇದರ ಉಪಪತ್ತಿಗಳನ್ನೆಲ್ಲ ಯುಕ್ತಿಭಾಷೆ ಎಂಬ ಗ್ರಂಥದಲ್ಲಿ ಬರೆದನು. ಬರೆದುದು ಸಂಸ್ಕೃತ ಶ್ಲೋಕಗಳಲ್ಲಲ್ಲ, ಮಲಯಾಳದ ಗದ್ಯದಲ್ಲಿ. ಸೂತ್ರವನ್ನು ಶ್ಲೋಕದಲ್ಲಿ ಕಟ್ಟಿ ನೆನಪಿಡಬಹುದು. ಕಾರಣವನ್ನು ಶಿಷ್ಯನಿಗೆ ಮುಟ್ಟಿಸಬೇಕಾದರೆ ಮನೆಯ ಮಾತೇ ಬೇಕೆಂದು ಆತ ಅರಿತಿದ್ದಂತೆ ತೋರುತ್ತದೆ. ಕನ್ನಡಕ್ಕೂ ಈ ದಾರಿ ಹೊಸತಲ್ಲ. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿ ರಚಿಸಿದನು. ಅದೇ ಶತಮಾನದಲ್ಲಿ ಶರಣರು ಅತ್ಯಂತ ಗಹನವಾದ ಅನುಭವವನ್ನು ಆಡುಮಾತಿಗೆ ಇಳಿಸಿದರು.

ಹೀಗೆಂದ ಮಾತ್ರಕ್ಕೆ ಎರಡು ಅತಿರೇಕಗಳಿಗೆ ಎಡೆಗೊಡಬಾರದು. ಕಲನಗಣಿತವೆಲ್ಲ ಹಿಂದೆಯೇ ಇಲ್ಲಿತ್ತು, ವಚನಗಳ ಶೂನ್ಯ ಬಯಲುಗಳಲ್ಲಿಯೇ ಅದು ಅಡಗಿತ್ತು ಎಂದು ಸಭೆಗಳಲ್ಲಿ ಹೇಳುವುದು ಮೊದಲನೆಯ ಅತಿರೇಕ. ಅನುಭಾವದ ಶೂನ್ಯ ಬೇರೆ, ಗಣಿತದ ಸೊನ್ನೆ ಬೇರೆ. ಎರಡನ್ನೂ ಒಂದು ಮಾಡಿದರೆ ಎರಡಕ್ಕೂ ಅಪಚಾರ. ಕೇರಳದ ವಿದ್ವಾಂಸರ ಸಾಧನೆ ದೊಡ್ಡದು; ನ್ಯೂಟನ್ ಲೈಬ್ನಿಟ್ಸರು ಅವಕಲನ ಅನುಕಲನಗಳೆರಡನ್ನೂ ಒಂದೇ ಶಾಸ್ತ್ರವಾಗಿ ಬೆಸೆದುದೂ ದೊಡ್ಡದು. ಒಂದನ್ನು ಹೊಗಳಲು ಇನ್ನೊಂದನ್ನು ಕುಗ್ಗಿಸಬೇಕಾಗಿಲ್ಲ. ಎರಡನೆಯ ಅತಿರೇಕದಲ್ಲಿ ಕನ್ನಡ ಪಂಡಿತರೇ ಭಾಗಿಗಳು. ಪಾರಿಭಾಷಿಕ ಪದಗಳನ್ನು ಸೃಷ್ಟಿಸುವ ಉತ್ಸಾಹದಲ್ಲಿ, ಅಭಿಸರಣ ಅಪಸರಣಗಳಂತಹ ಪದಗಳನ್ನು ಯಾವ ವಿವರಣೆಯೂ ಇಲ್ಲದೆ ವಿದ್ಯಾರ್ಥಿಯ ಮುಂದೆ ಇಟ್ಟುದುಂಟು. ಅರ್ಥವಾಗದ ಇಂಗ್ಲಿಷ್ ಪದದ ಸ್ಥಾನದಲ್ಲಿ ಅರ್ಥವಾಗದ ಸಂಸ್ಕೃತ ಪದವನ್ನು ಇಟ್ಟರೆ ಕನ್ನಡಕ್ಕೆ ಬಂದ ಲಾಭವೇನು? ಲಿಮಿಟ್, ಸೀರೀಸ್, ಇಂಟಿಗ್ರಲ್ ಎಂಬ ಪದಗಳು ಹಾಗೆಯೇ ಇರಲಿ. ಪರೀಕ್ಷೆಗೂ ಮುಂದಿನ ಓದಿಗೂ ಅವು ಬೇಕೇ ಬೇಕು. ಅವುಗಳನ್ನು ಬೆಸೆಯುವ ವಾಕ್ಯ ಕನ್ನಡದ್ದಾಗಿರಲಿ. ಮೊತ್ತವು ಒಂದು ಗೆರೆಯನ್ನು ಎಷ್ಟು ಬೇಕಾದರೂ ಸಮೀಪಿಸುತ್ತ ಹೋಗುತ್ತದೆ ಎಂದು ಒಮ್ಮೆ ಹೇಳಿ, ಆಮೇಲೆ ಅದಕ್ಕೆ ಯಾವ ಹೆಸರನ್ನಿಟ್ಟರೂ ಬಾಧಕವಿಲ್ಲ.

ಇಂದು ಇನ್ನೊಂದು ಆಕ್ಷೇಪವೂ ಕೇಳಿಬರುತ್ತಿದೆ. ಯಾವ ಅನುಕಲವನ್ನು ಕೇಳಿದರೂ ಅಂಗೈಯ ಮೊಬೈಲು ಕ್ಷಣದಲ್ಲಿ ಉತ್ತರ ಕೊಡುತ್ತಿರುವಾಗ ಈ ಶ್ರಮವೇಕೆಂಬುದು ಆ ಆಕ್ಷೇಪ. ಯಂತ್ರಕ್ಕೆ ಈ ಸಾಮರ್ಥ್ಯ ನಿನ್ನೆ ಮೊನ್ನೆ ಬಂದುದಲ್ಲ. ಕಾಲೇಜಿನ ಮೊದಲ ವರ್ಷದ ಮಟ್ಟದ ಅನುಕಲನದ ಲೆಕ್ಕಗಳನ್ನು ಬಿಡಿಸುವ ಕ್ರಮವಿಧಿಯನ್ನು ಅಮೆರಿಕದ ಜೇಮ್ಸ್ ಸ್ಲಾಗಲ್ 1961ರಲ್ಲಿಯೇ ರಚಿಸಿದ್ದನು. ಆದರೂ ಅಂದಿನಿಂದ ಇಂದಿನವರೆಗೆ ಈ ಪಾಠವು ಕಾಲೇಜುಗಳಿಂದ ಮರೆಯಾಗಿಲ್ಲ. ಕೈಪಿಡಿಯನ್ನು ನೋಡಿ ಸಂಧಿ ಬಿಡಿಸಿದವನಿಗೆ ಆ ಒಂದು ಪದದ ಉತ್ತರ ದೊರೆಯುತ್ತದೆ, ಭಾಷೆ ದೊರೆಯುವುದಿಲ್ಲ. ಉತ್ತರವನ್ನು ಯಂತ್ರದಿಂದ ಪಡೆದು ತಾಳೆ ನೋಡುವುದರಲ್ಲಿ ದೋಷವಿಲ್ಲ. ಸ್ವಪ್ರಯತ್ನಕ್ಕೆ ಮೊದಲೇ ಅದರ ಬಾಗಿಲಿಗೆ ಹೋಗುವುದು ಮಾತ್ರ ಆತ್ಮವಂಚನೆ.

ಆದುದರಿಂದ ಮಾಡಬೇಕಾದುದು ಸ್ಪಷ್ಟವಾಗಿದೆ. ವಿದ್ಯಾರ್ಥಿಯು ದಿನಕ್ಕೆ ನಾಲ್ಕಾದರೂ ಲೆಕ್ಕಗಳನ್ನು ಕಾಗದದ ಮೇಲೆ ಕೈಯಾರ ಬಿಡಿಸಿ, ಒಂದೊಂದರ ಕೆಳಗೂ ಈ ವಿಧಾನವನ್ನು ಏಕೆ ಹಿಡಿದೆನೆಂದು ಒಂದು ಕನ್ನಡ ವಾಕ್ಯವನ್ನು ಬರೆಯಲಿ. ತಪ್ಪಿದ ದಾರಿಯನ್ನು ಒರಸಿಹಾಕದೆ ಹಾಗೆಯೇ ಉಳಿಸಿಕೊಳ್ಳಲಿ; ಮುಂದೆ ಅದೇ ಅವನ ಗುರು. ಇದು ಕಾಯಕ. ಈ ಘಟ್ಟವನ್ನು ದಾಟಿದ ಹಿರಿಯ ವಿದ್ಯಾರ್ಥಿಗಳು ಪ್ರಸಾದನಿಲಯದ ಸಂಜೆಯ ಓದಿನ ವೇಳೆಯಲ್ಲಿ ಕಿರಿಯರ ಪಕ್ಕದಲ್ಲಿ ಕುಳಿತು ತಾವು ಎಡವಿದ ಜಾಗಗಳನ್ನು ತೋರಿಸಲಿ. ಇದು ದಾಸೋಹ. ಅನ್ನದಾಸೋಹಕ್ಕೆ ಒಲೆ ಪಾತ್ರೆಗಳು ಬೇಕು. ಈ ದಾಸೋಹಕ್ಕೆ ಒಂದು ಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು. ಪ್ರೌಢಶಾಲೆಯ ಗಣಿತ ಅಧ್ಯಾಪಕರೂ ಕನ್ನಡ ಅಧ್ಯಾಪಕರೂ ವರ್ಷಕ್ಕೆ ಕೆಲವು ದಿನಗಳಾದರೂ ಒಂದೇ ತರಗತಿಯಲ್ಲಿ ನಿಂತು, ಸೂತ್ರಕ್ಕೆ ಕಾರಣ ಹೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಮೂಡಿಸಲಿ. ಶಂಕುವಿನ ಮೂರನೆಯ ಒಂದು ಭಾಗ ಏಕೆಂದು ಹತ್ತನೆಯ ತರಗತಿಯಲ್ಲಿ ಕೇಳಿ, ಉತ್ತರ ಸಿಗದೆ ಹೊರಟ ಮಗು ಕಾಲೇಜಿನಲ್ಲಿ ಅದನ್ನು ಹುಡುಕಿಕೊಂಡು ಹೋಗುತ್ತದೆ. ಕೇಳದೆಯೇ ಹೊರಟ ಮಗುವಿಗೆ ಉತ್ತರ ಎದುರಿಗೆ ಬಂದು ನಿಂತರೂ ಗುರುತು ಸಿಗದು.

ಶಾಲೆಯೊಂದು ತನ್ನ ನೆನಪಿನ ಸಂಪುಟವನ್ನು ಹೊರತರುವಾಗ ಕಟ್ಟಿದ ಕೊಠಡಿಗಳ, ಬಂದ ಶೇಕಡಾವಾರು ಫಲಿತಾಂಶಗಳ ಪಟ್ಟಿ ಅದರಲ್ಲಿರುವುದು ಸಹಜ. ಶಾಲೆಯ ಬಾಗಿಲನ್ನು ದಾಟಿ ಹೋದ ಮಕ್ಕಳು ಮುಂದಿನ ಯಾವ ಮೆಟ್ಟಿಲಿನಲ್ಲಿ ಕುಸಿದು ಕುಳಿತರು ಎಂಬ ಲೆಕ್ಕಕ್ಕೂ ಅಲ್ಲಿ ಒಂದು ಪುಟ ಮೀಸಲಾಗಲಿ. ಆ ಪುಟವನ್ನು ಓದಿದ ಹಿರಿಯ ವಿದ್ಯಾರ್ಥಿಯೊಬ್ಬನು ಬಂದು, ಕುಳಿತವನೊಬ್ಬನ ಕೈಹಿಡಿದು ಎಬ್ಬಿಸುವಂತಾದರೆ ಸಂಪುಟವು ಸಾರ್ಥಕವಾಗುತ್ತದೆ.